ಒಣದ್ರಾಕ್ಷಿಯ ಬ್ರೆಡ್ಡು ಮತ್ತು ನೀರಿನ ಲೆಕ್ಕ

ಡಿಸೆಂಬರು ತಿಂಗಳ ಉತ್ತರಾರ್ಧವು ಸಮೀಪಿಸಿತೆಂದರೆ, ನಮ್ಮ ಜಿಲ್ಲಾಕೇಂದ್ರವಾದ ವಿಜಯಪುರದ ಪೇಟೆಯಲ್ಲಿಯೂ, ಚಡಚಣದವರಿಗೆ ಅದಕ್ಕಿಂತ ಸಮೀಪದ್ದಾದ ಸೊಲ್ಲಾಪುರದ ಪೇಟೆಯಲ್ಲಿಯೂ, ಬೇಕರಿಗಳ ಗಾಜಿನ ಕಪಾಟುಗಳೊಳಗೆ ಹೊಳೆಯುವ ಕಾಗದವನ್ನುಟ್ಟ ಪ್ಲಮ್ ಕೇಕುಗಳು ಸಾಲುಗೂಡಿ ನಿಲ್ಲುತ್ತವೆ. ಕ್ರಿಸ್ಮಸ್ ಹಬ್ಬವನ್ನು ಆಚರಿಸುವವರೂ ಆಚರಿಸದವರೂ, ಶಾಲೆಗೆ ರಜೆ ಬಂದ ಮಕ್ಕಳ ಒತ್ತಾಯಕ್ಕೆ ಮಣಿದು ಅವನ್ನು ಮನೆಗೆ ಕೊಂಡೊಯ್ಯುತ್ತಾರೆ. ಹೀಗೆ ಕೊಂಡೊಯ್ದ ಕೇಕಿನ ಒಡಲಲ್ಲಿ ಅಲ್ಲಲ್ಲಿ ಕಪ್ಪಗೆ ಕಾಣುವ ಒಣದ್ರಾಕ್ಷಿಯು ಇಂಡಿ, ಚಡಚಣ, ತಿಕೋಟಾ, ಬಬಲೇಶ್ವರಗಳ ಸುತ್ತಣ ಯಾವುದೋ ತೋಟದಲ್ಲಿ ಬೆಳೆದು, ಯಾವುದೋ ಶೆಡ್ಡಿನಲ್ಲಿ ಒಣಗಿ, ವಿಜಯಪುರದ ಇಲ್ಲವೆ ತಾಸಗಾಂವಿಯ ಪೇಟೆಯನ್ನು ಹಾದು, ಬಣ್ಣದ ಕಾಗದವನ್ನು ಧರಿಸಿ ಮತ್ತೆ ನಮ್ಮ ಕಡೆಗೇ ತಿರುಗಿ ಬಂದಿರುವ ಸಂಭವವು ಅಲ್ಪವಲ್ಲವೆಂಬುದನ್ನು ಯೋಚಿಸುವವರು ವಿರಳ. ಬೆಳೆದವನು ಹೊರಗಿನಿಂದ ಕೊಂಡು ತಿನ್ನುವ ಈ ವ್ಯವಹಾರದಲ್ಲಿ ದೋಷವೇನೂ ಇಲ್ಲವಾದರೂ, ಆ ಕೇಕಿನ ಮೂಲರೂಪವಾದ ಸರಳ ಬ್ರೆಡ್ಡನ್ನು ನಮ್ಮ ಮನೆಯಲ್ಲಿಯೇ, ನಮ್ಮ ಸೀಮೆಯ ಪದಾರ್ಥಗಳಿಂದಲೇ ಮಾಡಿಕೊಳ್ಳುವುದು ಎಷ್ಟು ಸುಲಭವೆಂಬುದನ್ನೂ, ಸುಲಭವಾದರೂ ಅದು ಯಾವ ತತ್ತ್ವದ ಮೇಲೆ ನಿಂತಿದೆಯೆಂಬುದನ್ನೂ ಇಲ್ಲಿ ವಿವರಿಸಬೇಕೆಂದಿದ್ದೇನೆ.

ಆ ತತ್ತ್ವವು ನೀರಿನ ಲೆಕ್ಕವೆಂಬುದೊಂದೇ. ಹಣ್ಣಿನಿಂದ ನೀರನ್ನು ತೆಗೆದು ಅದನ್ನು ಕೆಡದಂತೆ ಮಾಡುವುದು ಮೊದಲನೆಯ ಹಂತ. ಬೇಕಾದ ದಿನ ಬೇಕಾದಷ್ಟೇ ನೀರನ್ನು ಅದಕ್ಕೆ ಮರಳಿ ಕೊಡುವುದು ಎರಡನೆಯದು. ಕೊಟ್ಟ ನೀರನ್ನು ಹಿಟ್ಟಿನೊಡನೆ ಹಂಚಿಕೊಂಡು, ಬೆಂಕಿಯು ಅದನ್ನೆಲ್ಲ ಕಸಿಯದಂತೆ ಕಾಯುವುದು ಮೂರನೆಯದು. ಈ ಮೂರು ಲೆಕ್ಕಗಳು ಸರಿಬಂದಲ್ಲಿ ಬ್ರೆಡ್ಡು ಚೆನ್ನಾಗಿ ಬಂದೇ ಬರುವುದು. ತಪ್ಪಿದಲ್ಲಿ ಬೆಣ್ಣೆಯಾಗಲಿ ಬಾದಾಮಿಯಾಗಲಿ ಅದನ್ನು ಉದ್ಧರಿಸಲಾರವು. ಮಳೆಯ ಲೆಕ್ಕವನ್ನಿಟ್ಟುಕೊಂಡೇ ತಲೆಮಾರುಗಳನ್ನು ಕಳೆದಿರುವ ಬಯಲುಸೀಮೆಯವರಿಗೆ ಈ ವಿದ್ಯೆಯು ಹೊಸದಾಗಿ ಕಾಣಬೇಕಾದ ಕಾರಣವಿಲ್ಲ.

ಹಿಂದೆ ಇಂಡಿ ತಾಲೂಕಿಗೆ ಸೇರಿದ್ದು ಈಗ ಸ್ವತಂತ್ರ ತಾಲೂಕಾಗಿರುವ ಚಡಚಣದ ಸೀಮೆಯು ಭೀಮಾನದಿಯ ದಕ್ಷಿಣಕ್ಕೆ ಹಬ್ಬಿದ, ಮಹಾರಾಷ್ಟ್ರದ ಗಡಿಗೆ ತಾಗಿದ ನೆಲ. ಜಿಲ್ಲೆಯ ಸರಾಸರಿ ವಾರ್ಷಿಕ ಮಳೆಯು 600 ಮಿಲಿಮೀಟರಿನ ಆಸುಪಾಸಿನದು. ಅದೂ ಕಾಲಕ್ಕೆ ಸರಿಯಾಗಿ ಬರುವುದೆಂಬ ಭರವಸೆಯಿಲ್ಲ. ಇಂತಹ ನೆಲದಲ್ಲಿ ದ್ರಾಕ್ಷಿಯಂತಹ ಸುಕುಮಾರ ಬೆಳೆಯು ನೆಲೆನಿಂತುದಕ್ಕೆ ಹನಿ ನೀರಾವರಿಯ ಕೊಳವೆಗಳು ಒಂದು ಕಾರಣವಾದರೆ, ನಾವು ಶಾಪವೆಂದು ತಿಳಿದಿರುವ ಒಣಹವೆಯೇ ಇನ್ನೊಂದು ಕಾರಣ. ಏಪ್ರಿಲಿನಲ್ಲಿ ಒಮ್ಮೆ ಚಾಟ್ನಿ ಮಾಡಿ, ಎಂದರೆ ಬಳ್ಳಿಯನ್ನು ಕತ್ತರಿಸಿ, ಕಡ್ಡಿಗಳನ್ನು ಬೆಳೆಸಿ, ಅಕ್ಟೋಬರಿನಲ್ಲಿ ಮತ್ತೊಮ್ಮೆ ಚಾಟ್ನಿ ಮಾಡಿ ಹೂವು ಹಣ್ಣುಗಳನ್ನು ಬರಿಸುವ ಪದ್ಧತಿಯಿಂದಾಗಿ, ಗೊನೆಗಳು ಮಾಗುವ ಕಾಲವು ಫೆಬ್ರವರಿಯಿಂದ ಏಪ್ರಿಲಿನವರೆಗಿನ ನಿರ್ಜಲ ಋತುವಿಗೆ ಸರಿಯಾಗಿ ಬಂದು ಕೂಡುತ್ತದೆ. ಆಕಾಶವು ನಿರ್ಮಲವಾಗಿ, ಗಾಳಿಯು ಒಣಗಿ, ಬಿಸಿಲು ಏರುತ್ತ ಹೋಗುವ ಆ ದಿನಗಳಲ್ಲಿ ಹಣ್ಣನ್ನು ಒಣಗಿಸಲು ಯಂತ್ರದ ಬೆಂಕಿ ಬೇಕಾಗುವುದಿಲ್ಲ.

ಒಣಗಿಸುವ ಕ್ರಮವು ಕೇಳುವುದಕ್ಕೆ ಸರಳವಾದರೂ ಅದರಲ್ಲಿ ಒಂದು ಸೂಕ್ಷ್ಮವಿದೆ. ದ್ರಾಕ್ಷಿಯ ಸಿಪ್ಪೆಯ ಮೇಲೆ ಬೂದಿಯಂತೆ ಕಾಣುವ ತೆಳುವಾದ ಮೇಣದ ಪದರವೊಂದಿದ್ದು, ಅದು ಒಳಗಿನ ನೀರನ್ನು ಹೊರಗೆ ಬಿಡದೆ ಕಾಪಾಡುತ್ತಿರುತ್ತದೆ. ಆದುದರಿಂದ ಹಣ್ಣಿನಲ್ಲಿ ಸಕ್ಕರೆಯು 22 ಬ್ರಿಕ್ಸಿನಷ್ಟಾದರೂ ತುಂಬಿದ ಮೇಲೆ ಕಿತ್ತ ಗೊನೆಗಳನ್ನು, ಪ್ರತಿ ಲೀಟರು ನೀರಿಗೆ ಸುಮಾರು 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟನ್ನೂ 15 ಮಿಲಿಲೀಟರು ಡಿಪ್ಪಿಂಗ್ ಆಯಿಲನ್ನೂ ಬೆರೆಸಿದ ದ್ರಾವಣದಲ್ಲಿ ಕೆಲವು ನಿಮಿಷಗಳ ಕಾಲ ಅದ್ದಿ ತೆಗೆಯುತ್ತಾರೆ. ಮೇಣದ ಪದರವು ಇದರಿಂದ ಸಡಿಲಗೊಂಡು ನೀರಿಗೆ ದಾರಿಯನ್ನು ಬಿಡುತ್ತದೆ. ಅನಂತರ ಮೇಲೆ ಛಾವಣಿಯಿದ್ದು ಸುತ್ತಲೂ ಗಾಳಿಗೆ ತೆರೆದ ಶೆಡ್ಡುಗಳಲ್ಲಿ, ಒಂದರ ಮೇಲೊಂದಾಗಿ ಕಟ್ಟಿದ ಬಲೆಯ ಅಟ್ಟಗಳ ಮೇಲೆ ಹರಡಿದರೆ, ಎರಡು ವಾರಗಳ ಸುಮಾರಿಗೆ ಅವು ಒಣಗಿ ನಿಲ್ಲುತ್ತವೆ. ನಾಲ್ಕು ಕಿಲೋ ಹಸಿಹಣ್ಣು ಒಂದು ಕಿಲೋ ಒಣದ್ರಾಕ್ಷಿಯಾಗುತ್ತದೆ. ಉಳಿದ ಮೂರು ಕಿಲೋ ಬಹುಮಟ್ಟಿಗೆ ನೀರಾಗಿದ್ದು ಗಾಳಿಯಲ್ಲಿ ಲೀನವಾಗುತ್ತದೆ. ಕೊನೆಗೆ ಹಣ್ಣಿನಲ್ಲುಳಿಯುವ ತೇವವು ನೂರಕ್ಕೆ ಹದಿನೈದರ ಆಸುಪಾಸಿನದು. ಅಷ್ಟು ಕಡಿಮೆ ನೀರೂ ಅಷ್ಟು ಹೆಚ್ಚು ಸಕ್ಕರೆಯೂ ಕೂಡಿದಲ್ಲಿ ಬೂಷ್ಟಿಗಾಗಲಿ ಹುಳಿಯುವಿಕೆಗಾಗಲಿ ಆಸ್ಪದವಿರುವುದಿಲ್ಲ. ಈ ಉಪಾಯವು ನಮ್ಮ ಕಾಲದ ರಸಾಯನಶಾಸ್ತ್ರದ ಸೃಷ್ಟಿಯೆಂದು ಭ್ರಮಿಸಬೇಕಾಗಿಲ್ಲ. ಕ್ರಿಸ್ತಶಕದ ಮೊದಲನೆಯ ಶತಮಾನದ ರೋಮನ್ ಕೃಷಿಗ್ರಂಥಕಾರ ಕೊಲುಮೆಲ್ಲನು, ಬೂದಿಯ ಕ್ಷಾರದ ನೀರಿಗೆ ಆಲಿವ್ ಎಣ್ಣೆಯನ್ನು ಬೆರೆಸಿ ಕುದಿಸಿ ಅದರಲ್ಲಿ ದ್ರಾಕ್ಷಿಯನ್ನು ಅದ್ದಿ ಒಣಗಿಸುವ ವಿಧಾನವನ್ನು ಬರೆದಿಟ್ಟಿದ್ದಾನೆ. ಅಂದಿನ ಕ್ಷಾರವೂ ಎಣ್ಣೆಯೂ ಮಾಡಿದ ಕೆಲಸವನ್ನೇ ಇಂದಿನ ಕಾರ್ಬೊನೇಟು ಮತ್ತು ಡಿಪ್ಪಿಂಗ್ ಆಯಿಲು ಮಾಡುತ್ತಿವೆ.

ಈ ಬಗೆಯಾಗಿ ಕೂಡಿಟ್ಟ ಹಣ್ಣು ಶೀತದೇಶಗಳ ಹಬ್ಬದೂಟದಲ್ಲಿ ಸ್ಥಾನವನ್ನು ಪಡೆದುದು ಸ್ವಾಭಾವಿಕವಾಗಿಯೇ. ಮರಗಳೆಲ್ಲ ಬೋಳಾಗಿ, ತಾಜಾ ಹಣ್ಣೆಂಬುದೇ ದುರ್ಲಭವಾಗುವ ಹೇಮಂತದ ನಡುವೆ ಬರುವ ಕ್ರಿಸ್ಮಸ್ಸಿಗೆ ಮೆಡಿಟರೇನಿಯನ್ ತೀರದಿಂದ ಬರುತ್ತಿದ್ದ ಒಣದ್ರಾಕ್ಷಿಯೇ ಅಲ್ಲಿಯವರಿಗೆ ಗತಿಯಾಗಿತ್ತು. 1434ರಿಂದಲೂ ಕ್ರಿಸ್ಮಸ್ ಸಂತೆಯು ಕೂಡುತ್ತಿರುವ ಜರ್ಮನಿಯ ಡ್ರೆಸ್ಡೆನ್ ನಗರದ ಸ್ಟೋಲೆನ್ ಎಂಬ ಬ್ರೆಡ್ಡು ಇಂದು ಬೆಣ್ಣೆಯಿಂದ ಶ್ರೀಮಂತವಾಗಿದ್ದರೂ, ಹಬ್ಬದ ಮುಂಚಿನ ಉಪವಾಸದ ದಿನಗಳಲ್ಲಿ ಬೆಣ್ಣೆಯು ನಿಷಿದ್ಧವಾಗಿದ್ದುದರಿಂದ ಮೊದಲಿಗೆ ಅದು ಹಿಟ್ಟು, ನೀರು, ಎಣ್ಣೆಗಳ ನೀರಸ ಪಾಕವಾಗಿತ್ತು. ಅಲ್ಲಿಯವರ ಬಿನ್ನಹವನ್ನು ಮನ್ನಿಸಿ 1491ರಲ್ಲಿ ಪೋಪ್ ಎಂಟನೆಯ ಇನ್ನೊಸೆಂಟರು ಬೆಣ್ಣೆಗೆ ಅನುಮತಿಯನ್ನಿತ್ತರೆಂದು ಅದರ ಚರಿತ್ರೆಯು ಹೇಳುತ್ತದೆ. ವೇಲ್ಸಿನವರು ಇನ್ನೂ ಸರಳವಾದ ಹಾದಿಯನ್ನು ಹಿಡಿದು, ಒಣದ್ರಾಕ್ಷಿಯನ್ನು ರಾತ್ರಿಯೆಲ್ಲ ಕಪ್ಪು ಚಹದಲ್ಲಿ ನೆನೆಸಿ ಹಿಟ್ಟಿನೊಡನೆ ಕಲಸಿ ಬೇಯಿಸುವ ಬಾರಾ ಬ್ರಿತ್ ಎಂಬುದನ್ನು ರೂಢಿಗೆ ತಂದರು. ನಮ್ಮ ದೇಶದಲ್ಲಿ ಈ ಪರಂಪರೆಯ ಪ್ರಸಿದ್ಧ ಆರಂಭವು ಕೇರಳದ ತಲಶ್ಶೇರಿಯಲ್ಲಾಯಿತು. ಅಲ್ಲಿಯ ಬೇಕರಿಯ ಒಡೆಯರಾದ ಮಾಂಬಳ್ಳಿ ಬಾಪು ಅವರು 1883ರಲ್ಲಿ, ಮರ್ಡಾಕ್ ಬ್ರೌನ್ ಎಂಬ ತೋಟಗಾರನು ಇಂಗ್ಲೆಂಡಿನಿಂದ ತಂದು ತೋರಿಸಿದ ಕೇಕನ್ನು ರುಚಿನೋಡಿ, ಅವನು ಹೇಳಿದ ವಿಲಾಯತಿ ಮದ್ಯಕ್ಕೆ ಬದಲಾಗಿ ಸ್ಥಳೀಯ ಮದ್ಯವನ್ನು ಬಳಸಿ, ಅವನು ಮೆಚ್ಚುವಂತಹ ಕೇಕನ್ನು ಮಾಡಿಕೊಟ್ಟರು. ಪರದೇಶದ ಪಾಕವನ್ನು ನಮ್ಮದಾಗಿಸಿಕೊಳ್ಳುವವನು ಅದರ ತತ್ತ್ವವನ್ನು ಇಟ್ಟುಕೊಂಡು ಪದಾರ್ಥಗಳನ್ನು ತನ್ನ ನೆಲದಿಂದ ತೆಗೆದುಕೊಳ್ಳಬೇಕೆಂಬ ನ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ಹುಡುಕಬೇಕಾಗಿಲ್ಲ.

ನಮ್ಮ ಸೀಮೆಯ ಹಬ್ಬದ ಅಡುಗೆಯೂ ಇದೇ ತತ್ತ್ವಕ್ಕೆ ಒಲಿದದ್ದು. ಎಳ್ಳ ಅಮಾವಾಸ್ಯೆಯಂದು ಹೊಲಕ್ಕೆ ಹೋಗಿ ಚರಗ ಚೆಲ್ಲುವ ಒಕ್ಕಲಿಗನ ಬುತ್ತಿಯಲ್ಲಿ ಭಜ್ಜಿಯೂ ಪುಂಡಿಪಲ್ಲೆಯೂ ಅಂದಿನ ಊಟಕ್ಕಾದರೆ, ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಶೇಂಗಾ ಹೋಳಿಗೆ, ಎಳ್ಳ ಹೋಳಿಗೆಗಳು ಮುಂದೆ ಹಲವು ದಿನ ಕೆಡದೆ ಉಳಿಯತಕ್ಕವು. ಕಡಕ್ ರೊಟ್ಟಿಯು ವಾರಗಟ್ಟಲೆ ಬಾಳುವುದೂ, ಮಾದಲಿಯು ಜಾತ್ರೆಯ ಗಂಟಿನಲ್ಲಿ ಊರಿಂದೂರಿಗೆ ಹೋಗುವುದೂ ಅವುಗಳಲ್ಲಿಯ ನೀರನ್ನು ಮೊದಲೇ ತೆಗೆದಿಟ್ಟಿರುವ ಕಾರಣದಿಂದ. ಬೆಲ್ಲ, ಎಳ್ಳು, ಶೇಂಗಾ, ಗೋಧಿಗಳ ಈ ಬಳಗದಲ್ಲಿ ಒಣದ್ರಾಕ್ಷಿಯ ಬ್ರೆಡ್ಡು ಬಂದು ಕುಳಿತರೆ ಅದನ್ನು ಪರಕೀಯವೆಂದು ಎಬ್ಬಿಸಿ ಕಳುಹಿಸುವ ಅಗತ್ಯವಿಲ್ಲ.

ಇನ್ನು ಪದಾರ್ಥಗಳ ಆಯ್ಕೆಯ ವಿಚಾರ. ಪೇಟೆಯಲ್ಲಿ ಒಣದ್ರಾಕ್ಷಿಯ ಬೆಲೆಯನ್ನು ನಿರ್ಣಯಿಸುವುದು ಬಹುಮಟ್ಟಿಗೆ ಕಣ್ಣು. ಹಸಿರುಛಾಯೆಯ ನೀಳವಾದ ಕಾಳಿಗೂ ಹೊನ್ನಿನ ಬಣ್ಣದ ಕಾಳಿಗೂ ಹೆಚ್ಚಿನ ದರವಿದ್ದು, ಒಣಗುವಾಗ ಅಕಾಲಿಕ ಮಳೆಯ ತೇವ ತಗುಲಿಯೋ ಬಿಸಿಲು ಹೆಚ್ಚಾಗಿಯೋ ಕಂದುಗಪ್ಪಾದ ಕಾಳು ಕೆಳಗಿನ ದರ್ಜೆಗೆ ಇಳಿಯುತ್ತದೆ. ಬ್ರೆಡ್ಡಿಗೆ ಮಾತ್ರ ಈ ಕಂದು ಕಾಳೇ ಉತ್ತಮ. ಅದರ ರುಚಿಯು ಗಾಢವಾದುದು, ಒಳಗೆ ಹೋದ ಮೇಲೆ ಬಣ್ಣವು ಹೇಗೂ ಲೆಕ್ಕಕ್ಕೆ ಬರುವುದಿಲ್ಲ, ಬೆಲೆಯೂ ಹಗುರ. ಬೂಷ್ಟಿನ ವಾಸನೆಯಿರುವುದನ್ನು ಮಾತ್ರ ಮುಟ್ಟಲಾಗದು. ಬಣ್ಣ ಕೆಡದಿರಲೆಂದು ಒಣದ್ರಾಕ್ಷಿಗೆ ಗಂಧಕದ ಹೊಗೆಯನ್ನು ಕೊಡುವ ರೂಢಿಯಿರುವುದರಿಂದ, ಯಾವ ದರ್ಜೆಯದನ್ನು ತಂದರೂ ಉಗುರುಬೆಚ್ಚಗಿನ ನೀರಿನಲ್ಲಿ ಎರಡಾವರ್ತಿ ತೊಳೆದು, ದೇಟುಗಳನ್ನು ಆರಿಸಿ ತೆಗೆಯತಕ್ಕದ್ದು.

ಹಿಟ್ಟಿನ ವಿಷಯದಲ್ಲಿ, ನಮ್ಮ ನೆಲದ ಹೆಮ್ಮೆಯಾದ ಬಿಳಿಜೋಳವು ಇಲ್ಲಿ ಕೆಲಸಕ್ಕೆ ಬಾರದೆಂಬುದನ್ನು ಒಪ್ಪಿಕೊಳ್ಳಬೇಕಾಗಿದೆ. ನೀರು ಬೆರೆತಾಗ ಬಲೆಯಂತೆ ಹೆಣೆದುಕೊಂಡು ಗಾಳಿಯ ಗುಳ್ಳೆಗಳನ್ನು ಹಿಡಿದಿಡುವ ಗ್ಲುಟೆನ್ ಎಂಬ ಅಂಟು ಜೋಳದಲ್ಲಿಲ್ಲ. ಅದಕ್ಕೆಂದೇ ರೊಟ್ಟಿಯ ಹಿಟ್ಟನ್ನು ಕುದಿಯುವ ನೀರಿನಿಂದ ಕಲಸಿ ಪಿಷ್ಟವನ್ನು ಅರೆಬೇಯಿಸಿ ಬಡಿಯುತ್ತೇವೆ. ಬ್ರೆಡ್ಡಿಗೆ ಗೋಧಿಯೇ ಬೇಕು. ಅದರಲ್ಲಿಯೂ ಹುಗ್ಗಿಗೂ ಮಾದಲಿಗೂ ನಾವು ಬಳಸುವ ಸದಕ ಗೋಧಿಯು, ಗಡಿಯಾಚೆಯವರು ಖಪಲಿ ಎಂದು ಕರೆಯುವುದು, ಈ ಬಗೆಯ ಬ್ರೆಡ್ಡಿಗೆ ವಿಶೇಷವಾಗಿ ಹೊಂದುತ್ತದೆ. ಅದರ ಅಂಟು ದುರ್ಬಲವಾದುದರಿಂದ ಈಸ್ಟು ಹಾಕಿ ನಾದಿ ಉಬ್ಬಿಸುವ ಪಾವಿಗೆ ಅದು ಸಲ್ಲದಾದರೂ, ನಾದುವ ಅಗತ್ಯವೇ ಇಲ್ಲದೆ ಸೋಡಾದಿಂದ ಉಬ್ಬುವ ಈ ಪಾಕಕ್ಕೆ ಆ ದೌರ್ಬಲ್ಯವೇ ಗುಣವಾಗಿ ಪರಿಣಮಿಸಿ, ತುಂಡನ್ನು ಬಾಯಲ್ಲಿಟ್ಟರೆ ಜಗ್ಗದೆ ಪುಡಿಯಾಗುವಂತೆ ಮಾಡುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಡಿಡಿಕೆ 1025, ಡಿಡಿಕೆ 1029 ಮೊದಲಾದ ಗಿಡ್ಡ ತಳಿಗಳನ್ನು ಬಿಡುಗಡೆ ಮಾಡಿರುವುದರಿಂದ ಈ ಹಳೆಯ ಧಾನ್ಯವು ಇನ್ನೂ ಹೊಲಗಳಲ್ಲಿ ಉಳಿದಿದೆ. ಹಲಸಂಗಿಯ ಮಧುರಚೆನ್ನರೂ ಚಡಚಣದ ಸಿಂಪಿ ಲಿಂಗಣ್ಣನವರೂ ಅವರ ಗೆಳೆಯರೂ ಮನೆಮನೆಯ ಬೀಸುವ ಕಲ್ಲಿನ ಬಳಿಯಿಂದ ಹಾಡುಗಳನ್ನು ಆಯ್ದು ಕನ್ನಡಕ್ಕೆ ಕೊಟ್ಟ ಕಾಲದಲ್ಲಿ ಹಿಟ್ಟು ಮನೆಯಲ್ಲಿಯೇ ಆಗುತ್ತಿತ್ತು. ಈಗ ಗಿರಣಿಗೆ ಕೊಟ್ಟು ಸಣ್ಣಗೆ ಬೀಸಿಸಿ, ಜರಡಿ ಹಿಡಿದು ದಪ್ಪ ಬೂಸವನ್ನು ಮಾತ್ರ ತೆಗೆದರೆ ಸಾಕು.

ಪ್ರಮಾಣವು ಹೀಗಿದೆ: ಒಣದ್ರಾಕ್ಷಿ 300 ಗ್ರಾಂ, ಪುಡಿಮಾಡಿದ ಬೆಲ್ಲ 150 ಗ್ರಾಂ, ಹಾಲು ಹಾಕದ ಗಟ್ಟಿಯಾದ ಚಹ 250 ಮಿಲಿಲೀಟರು, ತುಪ್ಪ ಇಲ್ಲವೆ ಶೇಂಗಾ ಎಣ್ಣೆ 60 ಗ್ರಾಂ, ಗೋಧಿಯ ಹಿಟ್ಟು 250 ಗ್ರಾಂ, ಮೊಸರು ನಾಲ್ಕು ದೊಡ್ಡ ಚಮಚ, ಅಡುಗೆ ಸೋಡಾ ತಲೆಸವರಿದ ಒಂದು ಸಣ್ಣ ಚಮಚ, ಒಂದು ಚಿಟಿಕೆ ಉಪ್ಪು, ಯಾಲಕ್ಕಿ, ಒಣಶುಂಠಿ, ಜಾಜಿಕಾಯಿಗಳ ಪುಡಿ ರುಚಿಗೆ ತಕ್ಕಷ್ಟು, ಮತ್ತು ಒಂದು ಲಿಂಬೆಹಣ್ಣು. ಭೌಗೋಳಿಕ ಸೂಚಕದ ಮನ್ನಣೆಯನ್ನು ಪಡೆದ ಇಂಡಿಯ ಲಿಂಬೆಯು ಕೈಗೆ ಸಿಕ್ಕುವಲ್ಲಿ ಬೇರೆ ಪರಿಮಳದ ಹಂಬಲವೇಕೆ? ಅದರ ಸಿಪ್ಪೆಯ ಮೇಲಣ ಬಣ್ಣದ ಭಾಗವನ್ನಷ್ಟೇ ಹಗುರವಾಗಿ ತುರಿದುಕೊಳ್ಳಬೇಕು. ಕೆಳಗಿನ ಬಿಳಿಯ ಪದರವು ಕಹಿ. ವಿಲಾಯತಿಯ ಶ್ರೀಮಂತರು ಹಣ್ಣನ್ನು ಬ್ರಾಂದಿಯಲ್ಲಿ ನೆನೆಸುವರಾದರೂ, ಚಹದ ಒಗರು ದ್ರಾಕ್ಷಿ ಮತ್ತು ಬೆಲ್ಲಗಳ ಅತಿಸಿಹಿಯನ್ನು ಹದಕ್ಕೆ ತರುವುದರಿಂದ ನಮಗೆ ಅದೇ ಯುಕ್ತವಾದುದು.

ಹಿಂದಿನ ರಾತ್ರಿ, ಬಿಸಿ ಚಹದಲ್ಲಿ ಬೆಲ್ಲವನ್ನು ಕರಗಿಸಿ, ಮಣ್ಣು ಕಸಗಳು ಹೋಗುವಂತೆ ಸೋಸಿ, ಅದಕ್ಕೆ ತೊಳೆದ ಒಣದ್ರಾಕ್ಷಿಯನ್ನೂ ತುಪ್ಪವನ್ನೂ ಸೇರಿಸಿ, ಐದು ನಿಮಿಷಗಳ ಕಾಲ ಸಣ್ಣ ಉರಿಯಲ್ಲಿ ಕುದಿಸಿ ಇಳಿಸಿ ಮುಚ್ಚಿಡುವುದು. ಈ ರಾತ್ರಿಯ ಕಾಯುವಿಕೆಯೇ ಇಡೀ ಪಾಕದ ಪ್ರಾಣ. ನೀರು ಯಾವಾಗಲೂ ಹೆಚ್ಚಿದ್ದಲ್ಲಿಂದ ಕಡಿಮೆಯಿದ್ದಲ್ಲಿಗೆ ಹರಿಯತಕ್ಕದ್ದು. ನೆನೆಸದ ಒಣದ್ರಾಕ್ಷಿಯನ್ನು ಹಿಟ್ಟಿಗೆ ಬೆರೆಸಿದರೆ, ಸಾಲ ಮಾಡಿದ ಬಡವನ ಮನೆಯಿಂದ ಸಾಹುಕಾರನು ಕಾಳನ್ನು ಎಳೆದೊಯ್ಯುವಂತೆ, ಅದು ಬ್ರೆಡ್ಡಿನೊಳಗಿನ ತೇವವನ್ನೆಲ್ಲ ತನ್ನತ್ತ ಸೆಳೆದುಕೊಂಡು ಸುತ್ತಲಿನ ಮೈಯನ್ನು ಒರಟಾಗಿಸುವುದು. ನೆನೆದು ಉಬ್ಬಿದ ಹಣ್ಣಾದರೋ ಬೆಂದ ಮೇಲೆಯೂ ದಿನಗಟ್ಟಲೆ ತನ್ನ ತೇವವನ್ನು ಸುತ್ತಣ ಮೈಗೆ ಮೆಲ್ಲಮೆಲ್ಲನೆ ಬಿಟ್ಟುಕೊಡುತ್ತಿರುತ್ತದೆ.

ಬೆಳಿಗ್ಗೆ ಅದು ಪೂರ್ತಿಯಾಗಿ ತಣ್ಣಗಾಗಿರುವಾಗ, ಮೊಸರು, ಲಿಂಬೆಯ ತುರಿ, ಅರ್ಧ ಹಣ್ಣಿನ ರಸಗಳನ್ನು ಅದಕ್ಕೆ ಬೆರೆಸಬೇಕು. ಹಿಟ್ಟು, ಸೋಡಾ, ಉಪ್ಪು, ಮಸಾಲೆಯ ಪುಡಿಗಳನ್ನು ಕೂಡಿಸಿ ಎರಡು ಸಲ ಜರಡಿ ಹಿಡಿದು, ಒಮ್ಮೆಗೇ ಸುರಿದು, ಒಣಹಿಟ್ಟು ಕಾಣದಾಗುವಷ್ಟು ಮಾತ್ರ ಕಲಸಿ ಕೈಯನ್ನು ತೆಗೆದುಬಿಡಬೇಕು. ಹೆಚ್ಚು ತಿರುವಿದಷ್ಟೂ ಅಂಟು ಬಲಿತು ಬ್ರೆಡ್ಡು ಗಡುಸಾಗುತ್ತದೆ. ಹದವು ಚಮಚದಿಂದ ತಾನಾಗಿ ಹರಿಯದೆ ಮುದ್ದೆಯಾಗಿ ಜಾರಿ ಬೀಳುವಂತಿರಬೇಕು. ನೀರು ಹೆಚ್ಚಾಗಿ ತೆಳುವಾದರೆ ಹಣ್ಣೆಲ್ಲ ತಳಕ್ಕೆ ಕೂಡುವುದು. ಸದಕ ಗೋಧಿಯ ಹಿಟ್ಟು ನೀರನ್ನು ಕುಡಿದು ತೀರ ಗಟ್ಟಿಯಾದರೆ ಒಂದೆರಡು ಚಮಚ ಹಾಲನ್ನು ಸೇರಿಸಬಹುದು. ಮೊಸರು, ಲಿಂಬೆ, ಬೆಲ್ಲಗಳ ಆಮ್ಲವು ಸೋಡಾವನ್ನು ಮುಟ್ಟಿದೊಡನೆಯೇ ಅನಿಲವು ಹುಟ್ಟತೊಡಗುವುದರಿಂದ, ಇಲ್ಲಿಂದ ಮುಂದೆ ತಡಮಾಡುವುದು ನಷ್ಟದ ಮಾತು. ಆದುದರಿಂದ ಡಬ್ಬಿಗೆ ತುಪ್ಪ ಸವರಿ ಕಾಗದ ಹಾಸುವ ಕೆಲಸವನ್ನೂ, ಒಲೆಯನ್ನು ಕಾಯಿಸುವ ಕೆಲಸವನ್ನೂ ಮೊದಲೇ ಮುಗಿಸಿರಬೇಕು. ಒಂಬತ್ತು ಅಂಗುಲ ಉದ್ದ, ಐದು ಅಂಗುಲ ಅಗಲದ ಡಬ್ಬಿಯು ಈ ಪ್ರಮಾಣಕ್ಕೆ ಸಾಕು.

ಮನೆಯಲ್ಲಿ ವಿದ್ಯುತ್ತಿನ ಓವನ್ ಇದ್ದವರು 165 ಡಿಗ್ರಿ ಸೆಂಟಿಗ್ರೇಡಿನಲ್ಲಿ ಒಂದು ಗಂಟೆಯಿಂದ ಒಂದು ಗಂಟೆ ಹತ್ತು ನಿಮಿಷದವರೆಗೆ ಬೇಯಿಸತಕ್ಕದ್ದು. ಸಕ್ಕರೆ ಹೇರಳವಾಗಿರುವ ಈ ಪಾಕವನ್ನು ಅದಕ್ಕಿಂತ ಹೆಚ್ಚಿನ ಉರಿಗೆ ಒಡ್ಡಿದರೆ ಹೊರಗೆ ಕರಕಾಗಿ ನಡುವೆ ಹಸಿಯಾಗಿ ಉಳಿಯುವ ಭಯವಿದೆ. ಓವನ್ ಇಲ್ಲದವರು ದಪ್ಪತಳದ ಪಾತ್ರೆಯಲ್ಲಿ ಒಂದಂಗುಲ ಎತ್ತರಕ್ಕೆ ಒಣ ಮರಳನ್ನು ಹಾಸಿ, ಮೇಲೊಂದು ಸಿಂಬಿಯನ್ನಿಟ್ಟು, ಹತ್ತು ನಿಮಿಷ ಕಾಯಿಸಿ, ದುಂಡನೆಯ ಡಬ್ಬಿಯೊಂದರಲ್ಲಿ ಹಿಟ್ಟನ್ನು ಹಾಕಿ ಅದರೊಳಗಿಟ್ಟು, ಭಾರವಾದ ಮುಚ್ಚಳದಿಂದ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಬಹುದು. ಹೊತ್ತು ಸ್ವಲ್ಪ ಹೆಚ್ಚು ಹಿಡಿಯುವುದಷ್ಟೆ. ಮೂರನೆಯದಾದ ಇನ್ನೊಂದು ಉಪಾಯವು ನಮ್ಮ ಕಡೆಗೆ ಪರಿಚಿತವಾದುದು. ಹಬ್ಬಗಳ ಕಾಲಕ್ಕೆ ಹಿಟ್ಟು, ತುಪ್ಪ, ಸಕ್ಕರೆಗಳನ್ನು ಬೇಕರಿಗೆ ಒಯ್ದು ನಾನಖಟಾಯಿಯನ್ನು ಮಾಡಿಸಿಕೊಂಡು ಬರುವ ರೂಢಿಯಿದ್ದ ಮನೆಗಳವರು, ಅದೇ ಭಟ್ಟಿಗೆ ಈ ಡಬ್ಬಿಯನ್ನೂ ಕಳುಹಿಸಬಹುದಲ್ಲವೇ? ಪಾವು ಬೆಂದು ಹೊರಬಂದ ಮೇಲೆ ಭಟ್ಟಿಯ ಕಲ್ಲುಗಳಲ್ಲಿ ಉಳಿದು ನಿಧಾನವಾಗಿ ಇಳಿಯುತ್ತಿರುವ ಕಾವು ಈ ಬ್ರೆಡ್ಡಿಗೆ ಅತ್ಯಂತ ಅನುಕೂಲವಾದುದು. ನಡುವೆ ಚುಚ್ಚಿದ ಕಡ್ಡಿಯು ಹಿಟ್ಟು ಹತ್ತದೆ ಹೊರಬಂದರೆ ಬೆಂದಿತೆಂದು ತಿಳಿಯಬೇಕು. ಹಣ್ಣಿಗೆ ತಾಗಿದ ಕಡ್ಡಿಗೆ ಜಿಗುಟು ಹತ್ತುವುದುಂಟು. ಆಗ ಬೇರೆ ಸ್ಥಳದಲ್ಲಿ ಚುಚ್ಚಿ ನೋಡುವುದು. ಮೇಲೆ ಉದ್ದಕ್ಕೆ ಬಿರುಕು ಬಿಟ್ಟಿದ್ದರೆ ಚಿಂತಿಸಬೇಕಾಗಿಲ್ಲ. ಹೊರಗಣ ಪದರವು ಗಟ್ಟಿಯಾದ ಮೇಲೆಯೂ ಒಳಗೆ ಉಬ್ಬುವ ಕ್ರಿಯೆಯು ನಡೆದಿತ್ತೆಂಬುದಕ್ಕೆ ಅದು ಗುರುತು.

ಬೆಂದ ಕೂಡಲೆ ಕೊಯ್ಯುವ ಆತುರವನ್ನು ತಡೆಯಬೇಕಾದದ್ದು ಅವಶ್ಯ. ಒಳಗಿನ ಉಗಿಯು ಇನ್ನೂ ನೀರಾಗಿ ನೆಲೆಗೊಂಡಿರುವುದಿಲ್ಲ. ಆಗ ಕೊಯ್ದರೆ ತುಂಡು ಅಂಟಂಟಾಗಿ ಚೂರಾಗುವುದಲ್ಲದೆ, ಆ ಉಗಿಯೂ ಹಾರಿಹೋಗುವುದು. ತಣಿದ ಮೇಲೆ ಕಾಗದದಲ್ಲಿ ಸುತ್ತಿ ಡಬ್ಬಿಯಲ್ಲಿ ಮುಚ್ಚಿಟ್ಟು ಮರುದಿನ ಕೊಯ್ದರೆ, ಹಣ್ಣಿನ ತೇವವೂ ಮೈಯ ತೇವವೂ ಸಮವಾಗಿ ಹಂಚಿಹೋಗಿ, ಸುವಾಸನೆಗಳು ಒಂದರೊಡನೊಂದು ಕೂಡಿ, ತೆಳ್ಳಗಿನ ತುಂಡುಗಳು ನೀಟಾಗಿ ಬರುತ್ತವೆ. ಚಳಿಗಾಲದಲ್ಲಿ ಐದಾರು ದಿನ ಹೊರಗೆಯೇ ಇರಬಲ್ಲದು. ಫ್ರಿಜ್ಜಿನಲ್ಲಿಡುವುದು ಹಿತವಲ್ಲ, ಆ ಶೀತದಲ್ಲಿ ಪಿಷ್ಟವು ಬೇಗನೆ ಬಿಗಿದುಕೊಂಡು ಬ್ರೆಡ್ಡು ಹಳಸಲಾದಂತೆ ಗಡುಸಾಗುತ್ತದೆ. ಹೀಗೆ ಗಡುಸಾದ ತುಂಡನ್ನು ಹಂಚಿನ ಮೇಲೆ ತುಸು ತುಪ್ಪ ಹಾಕಿ ಬಿಸಿಮಾಡಿದರೆ ಮತ್ತೆ ಮೆದುವಾಗುವುದು.

ಕೊನೆಯದಾಗಿ, ಈ ಬರಹದ ಹಿಂದಿರುವ ಅಭಿಪ್ರಾಯವನ್ನು ಸ್ಪಷ್ಟವಾಗಿಯೇ ಹೇಳುವುದು ಒಳ್ಳೆಯದು. ದ್ರಾಕ್ಷಿ ಬೆಳೆಯುವವನು ಸಾಲ ತಂದು ಹಂದರ ಹಾಕಿ, ಬರಗಾಲದಲ್ಲಿ ಟ್ಯಾಂಕರಿನಿಂದ ನೀರು ತರಿಸಿ ಬಳ್ಳಿಗಳನ್ನು ಉಳಿಸಿಕೊಂಡು, ಒಣಗಿಸಿದ ಹಣ್ಣನ್ನು ಶೀತಗೃಹದಲ್ಲಿಟ್ಟು ಬೆಲೆ ಏರುವುದನ್ನು ಕಾಯುತ್ತಾನೆ. ಏರದಿದ್ದ ವರ್ಷ ಶೀತಗೃಹದ ಬಾಡಿಗೆಯೂ ಅವನ ಮೇಲೆಯೇ ಬೀಳುತ್ತದೆ. ಒಂದು ಊರಿನ ಮನೆಗಳವರು ಹಬ್ಬಕ್ಕೆ ಒಂದೊಂದು ಬ್ರೆಡ್ಡು ಮಾಡಿಕೊಂಡ ಮಾತ್ರದಿಂದ ಪೇಟೆಯ ದರವು ಏರಲಾರದೆಂಬುದು ಯಾರಿಗಾದರೂ ತಿಳಿಯತಕ್ಕ ವಿಷಯ. ಆದರೆ ಪಾಯಸಕ್ಕೆ ಹತ್ತು ಕಾಳು, ಸಿರಾಕ್ಕೆ ಹತ್ತು ಕಾಳು ಎಂದು ಅಲಂಕಾರಕ್ಕಾಗಿ ಮಾತ್ರ ಒಣದ್ರಾಕ್ಷಿಯನ್ನು ಬಳಸುವ ಮನೆಗೂ, ಒಂದೇ ಸಲಕ್ಕೆ 300 ಗ್ರಾಮನ್ನು ಪ್ರಧಾನ ಪದಾರ್ಥವೆಂದು ಬಳಸುವ ಮನೆಗೂ ಅಂತರವಿದೆ. ಎರಡನೆಯ ಬಗೆಯ ಮನೆಗಳು ಹೆಚ್ಚಿದಂತೆಲ್ಲ, ದೂರದ ಪೇಟೆಯನ್ನೇ ನಂಬಿದ ಈ ಬೆಳೆಗೆ ಹತ್ತಿರದಲ್ಲಿಯೂ ಒಂದಿಷ್ಟು ಗಿರಾಕಿ ಹುಟ್ಟುವುದು. ಅದರಲ್ಲಿಯೂ ಪೇಟೆಯ ಕಣ್ಣು ಕೆಳಗಿಳಿಸಿದ ಕಂದು ಕಾಳಿಗೆ. ತನ್ನ ನೆಲದ ಬೆಳೆಯನ್ನು ತಾನು ಮೊದಲು ಉಣ್ಣಬೇಕೆಂಬ ನಿಯಮವನ್ನು ಜೋಳದ ವಿಷಯದಲ್ಲಿ ಯಾರೂ ಹೇಳಿಕೊಡದೆಯೇ ಪಾಲಿಸಿಕೊಂಡು ಬಂದ ಸೀಮೆಯವರು, ದ್ರಾಕ್ಷಿಯ ವಿಷಯದಲ್ಲಿ ಅದನ್ನು ಸಡಿಲಿಸಬೇಕೇಕೆ? ಡಿಸೆಂಬರಿನ ರಜೆಯಿಂದ ಮೊದಲುಗೊಂಡು ಎಳ್ಳ ಅಮಾವಾಸ್ಯೆಯನ್ನು ದಾಟಿ ಸಂಕ್ರಮಣದವರೆಗೆ ನಮ್ಮಲ್ಲಿ ಹಬ್ಬದ ಕಾಲವೇ ಆಗಿರುವುದರಿಂದ, ಯಾವ ದಿನ ಒಲೆ ಹೊತ್ತಿಸಬೇಕೆಂಬುದನ್ನು ಓದುಗರೇ ನಿಶ್ಚಯಿಸಿಕೊಳ್ಳಲಿ. ಹಿಂದಿನ ರಾತ್ರಿ ಹಣ್ಣನ್ನು ನೆನೆಯಿಡಲು ಮರೆಯದಿದ್ದರೆ ಸರಿ.